ಕಾರಿನ ಅಡಿಯಲ್ಲಿ ಆಯಿಲ್ ಸೋರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರು ನಿಂತಿದ್ದ ಜಾಗದಲ್ಲಿ ಕಪ್ಪು ಕಲೆ ಕಂಡ ಕೂಡಲೇ ಅದರ ನೇರ ಮೇಲಿರುವ ಭಾಗವನ್ನು ದೂರುವುದು ಸಹಜ. ಆದರೆ ಆಯಿಲ್ ಒಸರುವ ಜಾಗ ಒಂದು, ಹರಿದು ಬರುವ ದಾರಿ ಇನ್ನೊಂದು, ನೆಲಕ್ಕೆ ತೊಟ್ಟಿಕ್ಕುವ ತುದಿ ಮತ್ತೊಂದು. ಎಂಜಿನ್‌ನ ನೆತ್ತಿಯಲ್ಲಿ ಒಸರಿದ್ದು ಬುಡದಲ್ಲಿ ಆಯಿಲ್ ಬಸಿಯಲು ಇರುವ ಡ್ರೈನ್ ಬೋಲ್ಟಿನ ತುದಿಯಿಂದ ಬೀಳಬಹುದು. ಮೂಲ ಸಿಗುವ ಮುಂಚೆ ಪಾರ್ಟು ಬದಲಿಸಿದರೆ ಹಣ ಹೋಗುತ್ತದೆ, ಸೋರಿಕೆ ಉಳಿಯುತ್ತದೆ. ಇಲ್ಲಿನ ಉತ್ತರಗಳು ಪೆಟ್ರೋಲ್, ಡೀಸೆಲ್ ಎರಡೂ ಬಗೆಯ ಕಾರುಗಳಿಗೆ ಹೊಂದುತ್ತವೆ. ಬೋಲ್ಟಿನ ಬಿಗಿತ, ಆಯಿಲ್ ಗ್ರೇಡು ಇಂಥವಕ್ಕೆ ಮಾತ್ರ ನಿಮ್ಮ ಕಾರಿನ ಕೈಪಿಡಿ ಹೇಳಿದ್ದೇ ಅಂತಿಮ.

ಪ್ರಶ್ನೆ: ಕೆಳಗೆ ಬಿದ್ದಿರುವುದು ಎಂಜಿನ್ ಆಯಿಲ್ಲೇ ಎಂದು ತಿಳಿಯುವುದು ಹೇಗೆ?

ಬಿಳಿ ಟಿಶ್ಯೂ ಕಾಗದದಿಂದ ಒಂದು ಹನಿಯನ್ನು ಒತ್ತಿ ತೆಗೆದು ಬೆಳಕಿಗೆ ಹಿಡಿಯಿರಿ. ಎಂಜಿನ್ ಆಯಿಲ್ ಹೊಸದಾಗಿದ್ದರೆ ಜೇನಿನ ಬಣ್ಣ, ಹಳೆಯದಾದರೆ ಕಂದು, ಇನ್ನೂ ಹಳೆಯದಾದರೆ ಕಪ್ಪು. ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಬದಲಿಸಿದ ಕೆಲವೇ ದಿನಗಳಲ್ಲಿ ಮಸಿ ಸೇರಿ ಕಪ್ಪಾಗುತ್ತದೆ, ಅದು ದೋಷವಲ್ಲ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಅದರ ತುದಿಯ ಹನಿಯನ್ನೂ ಅದೇ ಟಿಶ್ಯೂ ಮೇಲೆ ಪಕ್ಕಕ್ಕೆ ಒತ್ತಿ. ಎರಡು ಕಲೆಗಳ ಬಣ್ಣ, ವಾಸನೆ ಒಂದೇ ಆದರೆ ಅನುಮಾನ ಬಹುಪಾಲು ಪರಿಹಾರವಾಯಿತು.

ಉಳಿದ ದ್ರವಗಳಿಗೂ ಅವುಗಳದೇ ಗುರುತಿದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಸಾಮಾನ್ಯವಾಗಿ ಕೆಂಪು. ಹಳತಾದಾಗ ಕಂದಾಗುವುದರಿಂದ ಎಂಜಿನ್ ಆಯಿಲ್ ಎಂದೇ ತಪ್ಪು ತಿಳಿಯುವವರು ಹೆಚ್ಚು. ಪವರ್ ಸ್ಟೀರಿಂಗ್ ಎಣ್ಣೆಯೂ ಹಲವು ಕಾರುಗಳಲ್ಲಿ ಕೆಂಪೇ. ಮ್ಯಾನುಯಲ್ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಎಣ್ಣೆ ದಪ್ಪ, ಮೂಗಿಗೆ ಬಡಿಯುವ ಗಂಧಕದ ಘಾಟು ಇರುತ್ತದೆ. ಆ ಘಾಟು ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ. ಕೂಲಂಟ್ ಹಸಿರು, ಕೇಸರಿ, ಗುಲಾಬಿ, ನೀಲಿ ಯಾವುದೂ ಆಗಿರಬಹುದು. ಸಿಹಿ ವಾಸನೆ ಅದರ ಗುರುತು, ಆದರೆ ಅದು ವಿಷ, ರುಚಿ ನೋಡಬಾರದು. ಎ.ಸಿ. ಹಾಕಿದ್ದಾಗ ಬೀಳುವ ಬಣ್ಣವಿಲ್ಲದ, ವಾಸನೆಯಿಲ್ಲದ ನೀರು ಬರೀ ನೀರೇ.

ಬ್ರೇಕ್ ಎಣ್ಣೆಯ ಅನುಮಾನವಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಲೋಟ ನೀರಿಗೆ ಒಂದು ಹನಿ ಬಿಡಿ. ಎಂಜಿನ್ ಆಯಿಲ್, ಗೇರ್ ಆಯಿಲ್ ತೇಲುತ್ತವೆ. ಡಾಟ್ 3, ಡಾಟ್ 4 ಬ್ರೇಕ್ ಎಣ್ಣೆ ಗ್ಲೈಕಾಲ್ ಜಾತಿಯದು, ನೀರಿನಲ್ಲಿ ಬೆರೆತುಹೋಗುತ್ತದೆ. ಬ್ರೇಕ್ ಎಣ್ಣೆ ಎಂದು ಖಾತ್ರಿಯಾದರೆ ಕಾರನ್ನು ಓಡಿಸಲೇಬೇಡಿ.

ಪ್ರಶ್ನೆ: ಸೋರುತ್ತಿದ್ದರೂ ಓಡಿಸಬಹುದೇ, ಅಥವಾ ಈಗಲೇ ನಿಲ್ಲಿಸಬೇಕೇ?

ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಕುಡಿಕೆಯ ಚಿತ್ರದ ಕೆಂಪು ದೀಪ ಹೊತ್ತಿದರೆ ಚರ್ಚೆಯೇ ಇಲ್ಲ. ಬದಿಗೆ ಒಯ್ದು ಎಂಜಿನ್ ಆರಿಸಿ, ಮತ್ತೆ ಸ್ಟಾರ್ಟ್ ಮಾಡಬೇಡಿ. ಆ ದೀಪ ಹೇಳುವುದು ಆಯಿಲ್‌ಗೆ ಬೇಕಾದಷ್ಟು ಒತ್ತಡ ಇಲ್ಲವೆಂದು. ಬೇರಿಂಗುಗಳ ನಡುವಿನ ಆಯಿಲ್ ಪದರ ಹೋದ ಮೇಲೆ ಲೋಹಕ್ಕೆ ಲೋಹ ಉಜ್ಜಲು ಹೆಚ್ಚು ಹೊತ್ತು ಬೇಕಿಲ್ಲ. ‘ಇನ್ನೊಂದೇ ಕಿಲೋಮೀಟರ್, ಗ್ಯಾರೇಜು ಬಂತು’ ಎಂದು ಓಡಿಸಿದ ಕಾರುಗಳೇ ಎಂಜಿನ್ ಬಿಚ್ಚಿಸಿಕೊಳ್ಳಲು ಬರುವುದು.

ಸುಟ್ಟ ವಾಸನೆ, ಬಾನೆಟ್ ಸಂದಿನಿಂದ ಹೊಗೆ ಕಂಡರೂ ನಿಲ್ಲಿಸಿ. ಆಯಿಲ್ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬೀಳುತ್ತಿದೆ ಎಂದರ್ಥ. ಆ ಭಾಗ ಕೆಲವು ನೂರು ಡಿಗ್ರಿ ಬಿಸಿಯಾಗುವುದರಿಂದ ಬೆಂಕಿಯ ಅಪಾಯ ನಿಜವಾದದ್ದು. ಧಾರೆಯಾಗಿ ಹರಿಯುತ್ತಿದ್ದರೂ ಟೋ ಮಾಡಿಸುವುದೇ ಸರಿ.

ಇವು ಯಾವುವೂ ಇಲ್ಲದೆ ರಾತ್ರಿಗೊಂದೆರಡು ಹನಿ ಬೀಳುವ ಕಾರನ್ನು, ಆಯಿಲ್ ಮಟ್ಟ ನೋಡಿಕೊಳ್ಳುತ್ತಾ ಓಡಿಸಬಹುದು. ಹಳೆಯ ಎಂಜಿನ್‌ನ ಹೊರಮೈ ಸ್ವಲ್ಪ ಜಿಡ್ಡಾಗಿದ್ದು ಹನಿ ಬೀಳದಿದ್ದರೆ ಅದನ್ನು ಬೆವರು ಎಂದು ಬಿಟ್ಟುಬಿಡಿ. ಪ್ರತಿ ಬೆವರಿಗೂ ಪ್ಯಾಕಿಂಗ್ (ಸಂದು ಮುಚ್ಚುವ ಗ್ಯಾಸ್ಕೆಟ್) ಬದಲಿಸುತ್ತಾ ಕೂತರೆ ಕಾರಿಗಿಂತ ಪ್ಯಾಕಿಂಗಿಗೇ ಹೆಚ್ಚು ಖರ್ಚಾದೀತು.

ಪ್ರಶ್ನೆ: ಎಷ್ಟು ಆಯಿಲ್ ಹೋಗುತ್ತಿದೆ ಎಂದು ಅಳೆಯುವುದು ಹೇಗೆ?

ನೆಲದ ಕಲೆ ನೋಡಿ ಅಳೆಯಬೇಡಿ. ಒಂದೇ ಒಂದು ಹನಿಯೂ ಕಾಂಕ್ರೀಟಿನಲ್ಲಿ ಹರಡಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಂದಾಜಿಗೆ 20 ಹನಿಗೆ 1 ಮಿ.ಲೀ. ಎಂದಿಟ್ಟುಕೊಳ್ಳಿ. ನಿಮಿಷಕ್ಕೊಂದು ಹನಿಯಂತೆ ಬಿದ್ದರೆ ಗಂಟೆಗೆ 3 ಮಿ.ಲೀ., ದಿನಕ್ಕೆ 72 ಮಿ.ಲೀ., ಅಂದರೆ ಎರಡು ವಾರಕ್ಕೆ ಸುಮಾರು 1 ಲೀಟರ್. ಬಹಳಷ್ಟು ಕಾರುಗಳಲ್ಲಿ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಇರುವುದು ಸರಿಸುಮಾರು ಅಷ್ಟೇ.

ನಿಜವಾದ ಅಳತೆ ಡಿಪ್‌ಸ್ಟಿಕ್ಕಿನದು. ಕಾರು ಸಮತಟ್ಟು ನೆಲದಲ್ಲಿರಲಿ, ಬಿಸಿ ಎಂಜಿನ್ ಆರಿಸಿ 5ರಿಂದ 10 ನಿಮಿಷ ಕಾದು, ಒಮ್ಮೆ ಎಳೆದು ಒರೆಸಿ, ಮತ್ತೆ ಪೂರ್ತಿ ಇಳಿಸಿ ಎಳೆದು ಓದಿ. ಮೀಟರಿನ ಕಿಲೋಮೀಟರ್ ಬರೆದಿಡಿ. 500 ಕಿ.ಮೀ. ಓಡಿಸಿದ ಮೇಲೆ ಅದೇ ಜಾಗದಲ್ಲಿ, ಅದೇ ರೀತಿ ಅಳೆಯಿರಿ. ನಡುವೆ ಸುರಿದ ಆಯಿಲನ್ನು ಅಳತೆಯ ಡಬ್ಬಿಯಿಂದಲೇ ಸುರಿಯಿರಿ. ಮೇಲಿನ ಗೆರೆ ದಾಟಿಸಬೇಡಿ. ಅತಿಯಾದರೆ ಎಂಜಿನ್ ಬುಡದಲ್ಲಿ ತಿರುಗುವ ಕ್ರ್ಯಾಂಕ್ ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ಸೋರದ ಸೀಲುಗಳೂ ಸೋರಬಹುದು.

ಪ್ರಶ್ನೆ: ಯಾವ ಕಡೆಯಿಂದ ಬೀಳುತ್ತಿದೆ ಎಂದು ಕಾರೆತ್ತದೆ ಗೊತ್ತಾಗುವುದೇ?

ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ. ದೊಡ್ಡ ರಟ್ಟನ್ನು ಬಿಡಿಸಿ ಎಂಜಿನ್‌ನಿಂದ ಗೇರ್‌ಬಾಕ್ಸಿನವರೆಗೂ ಬರುವಂತೆ ಹಾಸಿ. ಮುಂದಿನ ಎರಡು ಚಕ್ರಗಳು ಎಲ್ಲಿವೆ, ಬಂಪರ್ ಎಲ್ಲಿದೆ ಎಂದು ರಟ್ಟಿನ ಮೇಲೆ ಪೆನ್ನಿನಲ್ಲಿ ಗುರುತಿಸಿ. ಬಿಸಿ ಎಂಜಿನ್ ಆರಿಸಿದ ಕೂಡಲೇ ಹಾಸಿ ರಾತ್ರಿಯಿಡೀ ಬಿಡಿ. ಮರುದಿನ ಹೊಸ ರಟ್ಟು ಹಾಸಿ ಇನ್ನೊಮ್ಮೆ ನೋಡಿ. ಎರಡು ದಿನವೂ ಹನಿ ಒಂದೇ ಕಡೆ ಬಿದ್ದರೆ ಆ ಗುರುತಿಗೆ ಬೆಲೆ ಇದೆ.

ಎಂಜಿನ್ ಕೆಳಗೆ ಪ್ಲಾಸ್ಟಿಕ್ ತಟ್ಟೆ ಇರುವ ಕಾರುಗಳಲ್ಲಿ ಈ ಉಪಾಯ ದಾರಿ ತಪ್ಪಿಸುತ್ತದೆ. ಆಯಿಲ್ ಮೊದಲು ತಟ್ಟೆಯಲ್ಲಿ ನಿಂತು, ಅದರ ಯಾವುದೋ ತೂತಿನಿಂದ, ಬಹುತೇಕ ಹಿಂಭಾಗದಿಂದ ಬೀಳುತ್ತದೆ. ಅಂಥ ಕಾರಿನಲ್ಲಿ ತಟ್ಟೆ ಬಿಚ್ಚದೆ ಏನನ್ನೂ ತೀರ್ಮಾನಿಸಬಾರದು.

ಪ್ರಶ್ನೆ: ಕಾರಿನ ಅಡಿಗೆ ಹೋಗುವ ಮುಂಚೆ ಏನು ಮಾಡಬೇಕು?

ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ. ಜ್ಯಾಕ್ ಇರುವುದು ಎತ್ತಲು, ಹೊರಲು ಅಲ್ಲ. ಗಟ್ಟಿ, ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್, ಗೇರ್, ನೆಲದ ಮೇಲುಳಿಯುವ ಚಕ್ರಗಳಿಗೆ ಮುಂದೆ ಹಿಂದೆ ಅಡ್ಡ, ಕೈಪಿಡಿ ತೋರಿಸಿದ ಜಾಗದಲ್ಲಿ ಎರಡು ಸ್ಟ್ಯಾಂಡ್. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಕಾರನ್ನು ಬದಿಯಿಂದ ತಳ್ಳಿ, ಅಲುಗುವುದಿಲ್ಲ ಎಂದು ಖಾತ್ರಿಯಾದ ನಂತರವೇ ಒಳಗೆ ಹೋಗಿ. ಇಟ್ಟಿಗೆ, ಕಾಂಕ್ರೀಟ್ ಬ್ಲಾಕ್ ಬೇಡವೇ ಬೇಡ, ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಎಂಜಿನ್ ಓಡಿಸಿ ನೋಡುವುದಿದ್ದರೆ ಬಯಲಿನಲ್ಲೇ ನೋಡಿ, ಮುಚ್ಚಿದ ಶೆಡ್ಡಿನಲ್ಲಿ ಅಲ್ಲ. ಸಡಿಲ ಬಟ್ಟೆ, ಉದ್ದ ಕೂದಲು ಬೆಲ್ಟಿನ ಹತ್ತಿರ ಸುಳಿಯದಿರಲಿ.

ಪ್ರಶ್ನೆ: ತೊಳೆಯದೆ ನೋಡಿದರೆ ಆಗದೇ?

ಆಗದು. ಆರು ತಿಂಗಳಿಂದ ಸೋರುತ್ತಿರುವ ಎಂಜಿನ್‌ನ ಮೈಯೆಲ್ಲ ಒದ್ದೆಯಾಗಿರುತ್ತದೆ, ಯಾರನ್ನು ದೂರಿದರೂ ಸರಿಯೆನಿಸುತ್ತದೆ. ಗಡಿಬಿಡಿಯಲ್ಲಿದ್ದರೆ ಒಂದು ಸುಳಿವು: ಧೂಳು ಮೆತ್ತಿ ಗಟ್ಟಿಯಾದ ಜಿಡ್ಡು ಹಳೆಯದು, ಆ ಜಿಡ್ಡನ್ನು ಕೊರೆದುಕೊಂಡು ಹೊಳೆಯುವ ಗೆರೆ ಈಗಿನದು.

ತೊಳೆಯುವಾಗ ಎಂಜಿನ್ ತಣ್ಣಗಿರಲಿ ಅಥವಾ ಬೆಚ್ಚಗಿರಲಿ, ಸುಡುವಂತಿರಬಾರದು. ಆಲ್ಟರ್ನೇಟರ್, ಗಾಳಿ ಒಳಹೋಗುವ ಬಾಯಿ, ವೈರಿಂಗ್ ಕನೆಕ್ಟರುಗಳನ್ನು ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ. ಜಿಡ್ಡು ತೆಗೆಯುವ ಡಿಗ್ರೀಸರ್ ಸಿಂಪಡಿಸಿ 10 ನಿಮಿಷ ನೆನೆಯಲು ಬಿಟ್ಟು ಬ್ರಶ್ಶಿನಿಂದ ಉಜ್ಜಿ, ಕಡಿಮೆ ನೀರಿನಲ್ಲಿ ತೊಳೆದು ಒಣಗಿಸಿ. ಪ್ರೆಷರ್ ವಾಷರ್ ಬಳಸಬೇಡಿ. ಅದು ಸೀಲುಗಳನ್ನೂ ಕನೆಕ್ಟರುಗಳನ್ನೂ ದಾಟಿ ನೀರು ನುಗ್ಗಿಸುತ್ತದೆ. ಕೊನೆಯ ಜಿಡ್ಡಿಗೆ ಬ್ರೇಕ್ ಕ್ಲೀನರ್ ಸ್ಪ್ರೇ ಒಳ್ಳೆಯದು, ಬೇಗ ಆರುತ್ತದೆ. ಆದರೆ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಬಿಸಿ ಲೋಹಕ್ಕೆ ಹೊಡೆಯಬಾರದು. ಕ್ಲೋರಿನ್ ಇರುವ ಬಗೆಯನ್ನಂತೂ ವೆಲ್ಡಿಂಗ್ ನಡೆಯುವ ಹತ್ತಿರ ತರಲೇಬಾರದು, ಬೆಂಕಿಗೆ ಸಿಕ್ಕರೆ ವಿಷಾನಿಲವಾಗುತ್ತದೆ.

ಪ್ರಶ್ನೆ: ತೊಳೆದಾಯಿತು. ಈಗ ಎಲ್ಲಿಂದ ಹುಡುಕಬೇಕು?

ಎಂಜಿನ್ ಪೂರ್ತಿ ಬಿಸಿಯಾಗುವಂತೆ 15ರಿಂದ 20 ಕಿ.ಮೀ. ಓಡಿಸಿ ಬನ್ನಿ. ಆಮೇಲೆ ಟಾರ್ಚ್, ಉದ್ದ ಹಿಡಿಯ ಪುಟ್ಟ ಕನ್ನಡಿ ಹಿಡಿದು ಮೇಲಿಂದ ಕೆಳಕ್ಕೆ ಬನ್ನಿ. ಆಯಿಲ್ ಭಾರಕ್ಕೆ ಕೆಳಗಿಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ, ಮೂಲ ಅಲ್ಲೇ ಅಥವಾ ಅದರ ಪಕ್ಕದಲ್ಲೇ ಇರುತ್ತದೆ. ಕಣ್ಣಿಗೆ ಕಾಣದ ಕಡೆ ಬೆರಳು ಆಡಿಸಿ ನೋಡಿ, ಬಿಸಿಯಿಂದ ದೂರವಿದ್ದಲ್ಲಿ ಮಾತ್ರ.

ಮೊದಲು ಆಯಿಲ್ ಸುರಿಯುವ ಬಾಯಿಯ ಮುಚ್ಚಳ. ಅದರ ರಬ್ಬರ್ ಉಂಗುರ ಕಲ್ಲಾಗಿದ್ದರೆ ಸುತ್ತ ಒದ್ದೆ ಇರುತ್ತದೆ, ಇದಕ್ಕಿಂತ ಅಗ್ಗದ ರಿಪೇರಿ ಇಲ್ಲ. ನಂತರ ಟ್ಯಾಪೆಟ್ ಕವರಿನ, ಅಂದರೆ ಎಂಜಿನ್ ನೆತ್ತಿಯ ಮುಚ್ಚಳದ ಅಂಚು. ಹಿಂಬದಿಯ ಅಂಚನ್ನು ಕನ್ನಡಿಯಲ್ಲೇ ನೋಡಬೇಕು, ಹೆಚ್ಚಿನ ಸೋರಿಕೆ ಅವಿತಿರುವುದು ಅಲ್ಲೇ. ಸ್ಪಾರ್ಕ್ ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಪ್ಲಗ್ ಟ್ಯೂಬಿನ ಸೀಲು ಹೋಗಿದೆ. ಇಂಥ ಕಾರು ಆಗಾಗ ಎಳೆಯದೆ ಮುಗ್ಗರಿಸುತ್ತದೆ, ಏಕೆಂದರೆ ಆಯಿಲ್‌ನಲ್ಲಿ ನೆನೆದ ಕಾಯಿಲ್ ರಬ್ಬರ್ ಉಬ್ಬಿ ಕಿಡಿ ಅಡ್ಡದಾರಿ ಹಿಡಿಯುತ್ತದೆ. ವಾಲ್ವ್ ಟೈಮಿಂಗ್ ಬದಲಿಸುವ ಸೊಲೆನಾಯ್ಡ್ ಇದ್ದರೆ ಅದರ ಓ ರಿಂಗ್ (ಸಂದು ಮುಚ್ಚುವ ರಬ್ಬರ್ ಉಂಗುರ) ನೋಡಿ. ಡೀಸೆಲ್ ಎಂಜಿನ್‌ಗಳಲ್ಲಿ ಸಿಲಿಂಡರ್ ಹೆಡ್ಡಿನ ಕೊನೆಗಿರುವ ವ್ಯಾಕ್ಯೂಮ್ ಪಂಪಿನ ಬುಡವನ್ನು ಮರೆಯಬೇಡಿ.

ಸ್ವಲ್ಪ ಕೆಳಗೆ ಬಂದರೆ ಆಯಿಲ್ ಪ್ರೆಷರ್ ಸ್ವಿಚ್. ಹೆಬ್ಬೆರಳಿನಷ್ಟೇ ಇರುವ ಇದು ಒಳಗಿನ ಪೊರೆ ಹರಿದರೆ ದೊಡ್ಡ ಸೋರಿಕೆಯನ್ನೇ ಮಾಡುತ್ತದೆ. ವೈರಿನ ಸಾಕೆಟ್ ಕಿತ್ತು ಒಳಗೆ ನೋಡಿ. ಅಲ್ಲಿ ಆಯಿಲ್ ಇದ್ದರೆ ಸ್ವಿಚ್ ಹೋಗಿದೆ, ಬೇರೆ ಪುರಾವೆ ಬೇಡ. ಫಿಲ್ಟರ್, ಫಿಲ್ಟರ್ ಕೂರುವ ಹೌಸಿಂಗ್, ಆಯಿಲ್ ಕೂಲರ್ ಇವುಗಳ ಸಂದುಗಳೂ ಇದೇ ಎತ್ತರದಲ್ಲಿ ಸಿಗುತ್ತವೆ. ಟರ್ಬೊ ಇದ್ದರೆ ಆಯಿಲ್ ಕೊಡುವ ಸಣ್ಣ ಪೈಪಿನ ತಾಮ್ರದ ವಾಷರುಗಳು, ಆಯಿಲ್ ಮರಳುವ ದಪ್ಪ ಪೈಪಿನ ಜೋಡಣೆ ಎರಡನ್ನೂ ನೋಡಿ.

ಬೆಲ್ಟ್ ಇರುವ ಬದಿಯಲ್ಲಿ, ಕ್ರ್ಯಾಂಕ್ ಪುಲ್ಲಿಯ ಸುತ್ತ ಒಂದೇ ಮಟ್ಟದಲ್ಲಿ ಬಳೆಯಂತೆ ಎರಚಿದ ಆಯಿಲ್ ಕಂಡರೆ ಮುಂಬದಿಯ ಕ್ರ್ಯಾಂಕ್ ಸೀಲು ಎಂದೇ ತಿಳಿಯಿರಿ. ತಿರುಗುವ ಪುಲ್ಲಿ ಅದನ್ನು ಸುತ್ತ ಎಸೆಯುತ್ತದೆ. ರಬ್ಬರ್ ಟೈಮಿಂಗ್ ಬೆಲ್ಟ್ ಕವರಿನ ಒಳಗಿನಿಂದ ಆಯಿಲ್ ಇಳಿಯುತ್ತಿದ್ದರೆ ಕ್ಯಾಮ್ ಅಥವಾ ಕ್ರ್ಯಾಂಕ್ ಸೀಲಿನ ಜೊತೆಗೆ ಬೆಲ್ಟನ್ನೂ ಬದಲಿಸಿ. ಆಯಿಲ್‌ನಲ್ಲಿ ನೆನೆಯಲು ಮಾಡಿದ್ದಲ್ಲದ ಬೆಲ್ಟ್ ಊದಿ ಪದರ ಬಿಡುತ್ತದೆ, ಅದು ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವುಗಳೇ ಬಾಗುತ್ತವೆ.

ಕಟ್ಟಕಡೆಗೆ ಆಯಿಲ್ ಪ್ಯಾನ್, ಗ್ಯಾರೇಜಿನವರ ಬಾಯಲ್ಲಿ ಚೇಂಬರ್. ಅದರ ಮೇಲಿನ ಅಂಚು ಒಣಗಿದ್ದು ಕೆಳಗೆ ಮಾತ್ರ ಒದ್ದೆಯಿದ್ದರೆ ಡ್ರೈನ್ ಬೋಲ್ಟು, ವಾಷರ್, ಅಥವಾ ಕಲ್ಲು ಬಡಿದು ಬಿದ್ದ ಬಿರುಕು. ಅಂಚಿಗಿಂತ ಮೇಲೆಯೂ ಒದ್ದೆಯಿದ್ದರೆ ಚೇಂಬರ್ ನಿರಪರಾಧಿ ಎಂದಿಟ್ಟುಕೊಂಡು ಮತ್ತೆ ಮೇಲಕ್ಕೆ ಹೋಗಿ.

ಪ್ರಶ್ನೆ: ತೊಳೆದು ಓಡಿಸಿದರೂ ಮೂಲ ಸಿಗುತ್ತಿಲ್ಲ. ಮುಂದೇನು?

ನೇರಳಾತೀತ ಬೆಳಕಿಗೆ ಹೊಳೆಯುವ ಬಣ್ಣದ ಡೈ ಹಾಕಿ. ಆಯಿಲ್‌ಗೆಂದೇ ಮಾಡಿದ ಡೈ ತೆಗೆದುಕೊಳ್ಳಿ, ಕೂಲಂಟ್‌ನದು ಬೇರೆ. ಬಾಟಲಿಯ ಮೇಲಿನ ಪ್ರಮಾಣ ನೋಡಿ. ಸಾಮಾನ್ಯವಾಗಿ 4ರಿಂದ 5 ಲೀಟರ್ ಆಯಿಲ್‌ಗೆ ಸುಮಾರು 30 ಮಿ.ಲೀ. ಸುರಿಯುವಾಗ ಹೊರಗೆ ಒಂದು ಹನಿ ಚೆಲ್ಲಿದರೂ ಅದೇ ಸೋರಿಕೆಯಂತೆ ಹೊಳೆಯುತ್ತದೆ, ಆಲಿಕೆ ಬಳಸಿ, ಒರೆಸಿ. ಎಂಜಿನ್ 15 ನಿಮಿಷ ಓಡಲಿ. ಸಣ್ಣ ಜಿನುಗಾದರೆ ಎರಡು ಮೂರು ದಿನ ಓಡಿಸಿ. ಕತ್ತಲಲ್ಲಿ ನೇರಳಾತೀತ ಟಾರ್ಚ್ ಹಾಯಿಸಿ, ಹಳದಿ ಕನ್ನಡಕ ಹಾಕಿಕೊಂಡರೆ ಹಳದಿ-ಹಸಿರು ಗೆರೆ ಎದ್ದು ಕಾಣುತ್ತದೆ. ರಿಪೇರಿಯಾದ ಮೇಲೆ ಆ ಹೊಳಪನ್ನು ತೊಳೆದು ತೆಗೆಯಿರಿ, ಇಲ್ಲದಿದ್ದರೆ ಮುಂದಿನ ಸಲ ಹಳೆಯ ಗೆರೆಯೇ ಮೋಸ ಮಾಡುತ್ತದೆ.

ಡೈ ಸಿಗದಿದ್ದರೆ ಟಾಲ್ಕಮ್ ಪೌಡರ್ ಸಾಕು. ಒಣಗಿದ, ತಣ್ಣನೆಯ ಅಂಚಿನ ಮೇಲೆ ತೆಳುವಾಗಿ ಉದುರಿಸಿ ಎಂಜಿನ್ ಓಡಿಸಿ. ಜಿನುಗುವ ಜಾಗದಲ್ಲಿ ಬಿಳಿ ಪುಡಿ ಕಪ್ಪಾಗುತ್ತದೆ. ತಿರುಗುವ ಬೆಲ್ಟುಗಳಿಗೆ ಪುಡಿ ತಾಗದಿರಲಿ.

ಪ್ರಶ್ನೆ: ಆಯಿಲ್ ಬದಲಿಸಿದ ಮರುದಿನದಿಂದಲೇ ಸೋರಿಕೆ ಶುರುವಾಯಿತು. ಏಕೆ?

ಆಗ ಮುಟ್ಟಿದ ಜಾಗಗಳನ್ನಷ್ಟೇ ನೋಡಿ: ಫಿಲ್ಟರ್, ಡ್ರೈನ್ ಬೋಲ್ಟ್, ಸುರಿಯುವ ಬಾಯಿ. ಫಿಲ್ಟರ್ ಬಿಚ್ಚುವಾಗ ಚೆಲ್ಲಿದ್ದು ತಟ್ಟೆಯಲ್ಲಿ ನಿಂತು ಕೆಲವು ದಿನ ತೊಟ್ಟಿಕ್ಕುವುದುಂಟು. ಒರೆಸಿ ಕಾದು ನೋಡಿ, ತಾನಾಗಿ ನಿಂತರೆ ಅದು ಸೋರಿಕೆಯೇ ಅಲ್ಲ.

ನಿಲ್ಲದಿದ್ದರೆ ಮೊದಲ ಅನುಮಾನ ಫಿಲ್ಟರಿನದು. ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್‌ಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದನ್ನು ಕೂರಿಸಿದರೆ ಎರಡು ರಬ್ಬರ್ ಒಂದರ ಮೇಲೊಂದು ನಿಲ್ಲುತ್ತವೆ. ನಿಧಾನಕ್ಕೆ ಓಡುವಾಗ ಏನೂ ತಿಳಿಯದು, ತಣ್ಣನೆಯ ಎಂಜಿನ್‌ಗೆ ಆಕ್ಸಿಲರೇಟರ್ ಒತ್ತಿದಾಗ ಒತ್ತಡ ಏರಿ ಮೇಲಿನ ಉಂಗುರ ಜಾರಿ ಆಯಿಲೆಲ್ಲ ಹೊರಗೆ ಬರುತ್ತದೆ. ಹಾಗಾಗಿ ಹಳೆಯದನ್ನು ಬಿಚ್ಚಿದ ಕೂಡಲೇ ಅದರ ಬಾಯಲ್ಲಿ ಉಂಗುರ ಇದೆಯೇ ಎಂದು ಎಣಿಸುವುದು ಅಭ್ಯಾಸವಾಗಬೇಕು. ಹೊಸ ಫಿಲ್ಟರಿನ ಉಂಗುರಕ್ಕೆ ಆಯಿಲ್ ಸವರಿ, ರಬ್ಬರ್ ತಾಗಿದ ಮೇಲೆ ಕೈಯಲ್ಲೇ ಸುಮಾರು ಮುಕ್ಕಾಲು ಸುತ್ತು ಬಿಗಿ ಮಾಡಿ. ಸರಿಯಾದ ಸುತ್ತು ಎಷ್ಟೆಂದು ಫಿಲ್ಟರಿನ ಮೈಮೇಲೆ ಅಚ್ಚಾಗಿರುತ್ತದೆ. ಒಳಗೆ ಕಾಗದದ ಫಿಲ್ಟರ್ ಕೂರುವ ಮುಚ್ಚಳದ ಬಗೆಯಾದರೆ ಓ ರಿಂಗ್ ತನ್ನ ಗ್ರೂವಿನಲ್ಲೇ ಕೂತಿದೆಯೇ, ಪಕ್ಕದ ಗ್ರೂವಿಗೆ ಹೋಗಿದೆಯೇ ನೋಡಿ.

ಡ್ರೈನ್ ಬೋಲ್ಟಿನಲ್ಲಿ ತಪ್ಪು ಎರಡು ಕಡೆಯಿಂದ ಬರುತ್ತದೆ. ಹಳೆಯ ವಾಷರನ್ನೇ ಮತ್ತೆ ಹಾಕುವುದು ಒಂದು. ಆ ವಾಷರ್ ಚಪ್ಪಟೆಯಾಗುವ ಮೂಲಕವೇ ಸಂದು ಮುಚ್ಚುತ್ತದೆ, ಒಮ್ಮೆ ಚಪ್ಪಟೆಯಾದದ್ದು ಎರಡನೇ ಸಲ ಅಷ್ಟು ಕೆಲಸ ಮಾಡದು. ಇನ್ನೊಂದು, ಸೋರಿತೆಂದು ಇನ್ನಷ್ಟು ಬಿಗಿ ಮಾಡುವುದು. ಹೆಚ್ಚಿನ ಕಾರುಗಳಲ್ಲಿ ಈ ಬೋಲ್ಟಿಗೆ 25ರಿಂದ 40 ನ್ಯೂಟನ್ ಮೀಟರ್ ಸಾಕು. ಅಲ್ಯೂಮಿನಿಯಂ ಚೇಂಬರಿನಲ್ಲಿ ಉದ್ದ ಸ್ಪ್ಯಾನರ್ ಹಾಕಿ ಎಳೆದರೆ ಬೋಲ್ಟು ಕೂರುವ ತೂತಿನ ಮರೆಯೇ (ಥ್ರೆಡ್) ಕಿತ್ತುಬರುತ್ತದೆ.

ಪ್ರಶ್ನೆ: ಮರೆ ಕಿತ್ತುಹೋಗಿದೆ. ಟೆಫ್ಲಾನ್ ಟೇಪ್ ಸುತ್ತಿದರೆ ನಡೆಯುವುದೇ?

ಬೇಡ. ಟೇಪಿನ ಎಳೆ ಕಿತ್ತು ಆಯಿಲ್ ಹೀರುವ ಜಾಲರಿಗೆ ಸಿಕ್ಕಬಹುದು, ಬೋಲ್ಟು ಓಡುವಾಗ ಕಳಚಿ ಬೀಳಲೂಬಹುದು. ಮರೆಗೆ ಹೊಸ ಲೋಹದ ಸುರುಳಿ ಕೂರಿಸುವುದು ಅಥವಾ ಚೇಂಬರ್ ಬದಲಿಸುವುದು ನಿಲ್ಲುವ ಪರಿಹಾರ.

ಪ್ರಶ್ನೆ: ಎಂಜಿನ್-ಗೇರ್‌ಬಾಕ್ಸ್ ಸಂದಿನಿಂದ ಹನಿ ಬೀಳುತ್ತಿದೆ. ರಿಯರ್ ಮೇನ್ ಸೀಲ್ ಹೋಗಿದೆ ಎನ್ನುತ್ತಾರೆ. ನಂಬಬಹುದೇ?

ಅನುಮಾನಿಸಿ. ಕ್ರ್ಯಾಂಕ್ ಶಾಫ್ಟಿನ ಹಿಂದಿನ ತುದಿಯ ಈ ಸೀಲಿನ ಬೆಲೆ ಕಡಿಮೆ, ಆದರೆ ಅದನ್ನು ಮುಟ್ಟಲು ಗೇರ್‌ಬಾಕ್ಸ್ ಇಳಿಸಬೇಕು. ಅಷ್ಟು ದೊಡ್ಡ ಕೆಲಸಕ್ಕೆ ಒಪ್ಪುವ ಮುಂಚೆ ಎಂಜಿನ್‌ನ ಹಿಂಬದಿಯಲ್ಲಿ ಅದಕ್ಕಿಂತ ಮೇಲಿರುವ ಎಲ್ಲವನ್ನೂ ಖುಲಾಸೆ ಮಾಡಬೇಕು: ಟ್ಯಾಪೆಟ್ ಕವರಿನ ಹಿಂದಿನ ಅಂಚು, ಕ್ಯಾಮ್ ತುದಿಯ ಮುಚ್ಚಳ, ವ್ಯಾಕ್ಯೂಮ್ ಪಂಪ್, ಪ್ರೆಷರ್ ಸ್ವಿಚ್. ಇವುಗಳಲ್ಲಿ ಯಾವುದು ಸೋರಿದರೂ ಆಯಿಲ್ ಎಂಜಿನ್ ಬೆನ್ನ ಮೇಲಿಂದ ಇಳಿದು ಅದೇ ಸಂದಿನಿಂದ ತೊಟ್ಟಿಕ್ಕುತ್ತದೆ.

ಮೇಲೆ ಎಲ್ಲ ಒಣಗಿದ್ದು, ಬೆಲ್ ಹೌಸಿಂಗಿನ (ಎಂಜಿನ್‌ಗೆ ಸೇರುವ ಗೇರ್‌ಬಾಕ್ಸಿನ ಗಂಟೆಯಾಕಾರದ ಕವಚ) ಕೆಳಗಿನ ತೂತಿನಿಂದಷ್ಟೇ ಆಯಿಲ್ ಬರುತ್ತಿದ್ದರೆ ಅನುಮಾನ ಬಲವಾಗುತ್ತದೆ. ಆಗಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಅದು ಎಂಜಿನ್‌ನದೋ, ಗೇರ್‌ಬಾಕ್ಸಿನ ಮುಂದಿನ ಸೀಲಿನದೋ? ತೆಳುವಾಗಿ ಕಪ್ಪಾಗಿದ್ದರೆ ಎಂಜಿನ್, ದಪ್ಪವಾಗಿ ಗಂಧಕದ ಘಾಟಿದ್ದರೆ ಗೇರ್‌ಬಾಕ್ಸ್, ಆಟೊಮ್ಯಾಟಿಕ್‌ನಲ್ಲಿ ಕೆಂಪಿದ್ದರೆ ಪಂಪ್ ಸೀಲ್. ಡೈ ಎಂಜಿನ್ ಆಯಿಲ್‌ಗೆ ಮಾತ್ರ ಹಾಕಿ ನೋಡಿದರೆ ಈ ವಾದ ಅಲ್ಲಿಗೇ ಮುಗಿಯುತ್ತದೆ. ಮ್ಯಾನುಯಲ್ ಗಾಡಿಯಲ್ಲಿ ಆಯಿಲ್ ಕ್ಲಚ್ ಪ್ಲೇಟಿಗೆ ತಾಗಿದರೆ ಎಂಜಿನ್ ಏರಿದರೂ ವೇಗ ಏರದು. ನೆನೆದ ಪ್ಲೇಟನ್ನು ತೊಳೆದು ಹಾಕಲಾಗದು. ಗೇರ್‌ಬಾಕ್ಸ್ ಇಳಿದ ಮೇಲೆ ಎರಡೂ ಬದಿಯ ಸೀಲುಗಳನ್ನು ಒಟ್ಟಿಗೆ ಬದಲಿಸುವುದು ಜಾಣತನ, ಕೂಲಿ ಒಂದೇ.

ಪ್ರಶ್ನೆ: ಪ್ಯಾಕಿಂಗ್ ಬದಲಿಸಿದ ಎರಡೇ ತಿಂಗಳಲ್ಲಿ ಮತ್ತೆ ಸೋರುತ್ತಿದೆ. ಪಾರ್ಟು ಕಳಪೆಯೇ?

ಇರಬಹುದು. ಅದಕ್ಕಿಂತ ಮೊದಲು ಪಿ.ಸಿ.ವಿ., ಅಂದರೆ ಎಂಜಿನ್ ಒಳಗಿನ ಅನಿಲವನ್ನು ಹೊರಗೆಳೆಯುವ ವ್ಯವಸ್ಥೆ ನೋಡಿ. ಪಿಸ್ಟನ್ ರಿಂಗುಗಳನ್ನು ದಾಟಿ ಒಂದಿಷ್ಟು ಅನಿಲ ಯಾವಾಗಲೂ ಕೆಳಗಿಳಿಯುತ್ತದೆ, ಅದನ್ನು ಹೊರಗೆಳೆದು ಮತ್ತೆ ಉರಿಸಲು ಕಳಿಸುವುದು ಈ ವಾಲ್ವು ಮತ್ತು ಹೋಸುಗಳ ಕೆಲಸ. ದಾರಿ ಜಿಡ್ಡಿನಿಂದ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ದುರ್ಬಲವಾದ ಸೀಲು ಯಾವುದೋ ಅದರಿಂದ ಆಯಿಲನ್ನು ಹೊರದಬ್ಬುತ್ತದೆ. ಒಂದನ್ನು ಬದಲಿಸಿದರೆ ಮುಂದಿನ ದುರ್ಬಲ ಸೀಲು ಸೋರುತ್ತದೆ. ಒಂದೇ ಕಾಲಕ್ಕೆ ಎರಡು ಮೂರು ಕಡೆ ಸೋರುವ ಎಂಜಿನ್‌ನಲ್ಲಿ ಸೀಲುಗಳಿಗಿಂತ ಮೊದಲು ಇದನ್ನೇ ಅನುಮಾನಿಸಬೇಕು.

ಪರೀಕ್ಷೆ ಸುಲಭ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ಆ ಬಾಯಿಗೆ ತೆಳು ರಬ್ಬರ್ ಕೈಗವಸನ್ನು ಬಿಗಿಯಾಗಿ ಹೊದಿಸಿ. ಪೆಟ್ರೋಲ್ ಎಂಜಿನ್‌ನಲ್ಲಿ ಅದು ಮೆಲ್ಲಗೆ ಒಳಕ್ಕೆ ಎಳೆದುಕೊಂಡರೆ ಸರಿ. ಬಲೂನಿನಂತೆ ಉಬ್ಬಿದರೆ ದಾರಿ ಕಟ್ಟಿದೆ, ಅಥವಾ ರಿಂಗುಗಳು ಸವೆದಿವೆ. ಸಿಳ್ಳೆ ಹೊಡೆಯುತ್ತಾ ಬಲವಾಗಿ ಎಳೆದುಕೊಂಡರೆ ಪಿ.ಸಿ.ವಿ.ಯ ರಬ್ಬರ್ ಪೊರೆ ಹರಿದಿದೆ. ಡೀಸೆಲ್‌ನಲ್ಲಿ ಈ ಎಳೆತ ಅಷ್ಟಿರುವುದಿಲ್ಲ, ಸ್ವಲ್ಪ ಉಸಿರಾಡಿದಂತೆ ಕಂಡರೆ ಗಾಬರಿ ಬೇಡ. ಧಾರಾಳವಾಗಿ ಹೊಗೆ ಹೊಡೆಯುತ್ತಿದ್ದರೆ ಮಾತ್ರ ಚಿಂತಿಸಿ.

ಪಿ.ಸಿ.ವಿ. ಸರಿಯಿದ್ದರೆ ಕೆಲಸದ ರೀತಿ ನೋಡಿ. ಟ್ಯಾಪೆಟ್ ಕವರಿನ ಬೋಲ್ಟುಗಳಿಗೆ ಸಾಮಾನ್ಯವಾಗಿ 8ರಿಂದ 12 ನ್ಯೂಟನ್ ಮೀಟರ್ ಮಾತ್ರ. ಅತಿ ಬಿಗಿಯಾದರೆ ರಬ್ಬರ್ ಹೊರಗೆ ಹಿಂಡಿಹೋಗಿ ಕವರೇ ಸೊಟ್ಟಾಗುತ್ತದೆ. ನಡುವಿನಿಂದ ಶುರು ಮಾಡಿ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು.

ಪ್ರಶ್ನೆ: ಸೋರುವ ಜಾಗಕ್ಕೆ ಹೊರಗಿನಿಂದ ಸಿಲಿಕೋನ್ ಹಚ್ಚಿದರೆ?

ನಿಲ್ಲದು. ಒಳಗಿನಿಂದ ಆಯಿಲ್ ತಳ್ಳುತ್ತಿರುವ ಜಿಡ್ಡು ಲೋಹಕ್ಕೆ ಅದು ಅಂಟುವುದೇ ಇಲ್ಲ. ಸಿಲಿಕೋನ್ ಹಾಕಲೆಂದೇ ಮಾಡಿದ ಚೇಂಬರುಗಳಲ್ಲಿ ಹಳೆಯದನ್ನು ಪೂರ್ತಿ ಕೆರೆದು, ಜಿಡ್ಡು ಒರೆಸಿ, ಸುಮಾರು 3 ಮಿ.ಮೀ. ದಪ್ಪದ ತುಂಡಾಗದ ಎಳೆಯನ್ನು ಬೋಲ್ಟ್ ತೂತುಗಳ ಒಳಬದಿಯಿಂದ ಎಳೆಯಬೇಕು. ಟ್ಯೂಬಿನ ಮೇಲೆ ಹೇಳಿದಷ್ಟು ಹೊತ್ತು ಆರದೆ ಆಯಿಲ್ ತುಂಬಬಾರದು. ಧಾರಾಳ ಹಚ್ಚಿದರೆ ಒಳಕ್ಕೆ ಹಿಂಡಿದ ಉಂಡೆ ಕಿತ್ತು ಪಂಪಿನ ಜಾಲರಿ ಕಟ್ಟುತ್ತದೆ, ಸೋರಿಕೆ ನಿಲ್ಲಿಸಲು ಹೋಗಿ ಎಂಜಿನ್ನೇ ಹೋಗುತ್ತದೆ.

ಪ್ರಶ್ನೆ: ಸ್ಟಾಪ್ ಲೀಕ್ ದ್ರವ, ದಪ್ಪ ಆಯಿಲ್ ಹಾಕಿದರೆ ನಿಲ್ಲುವುದೇ?

ಸ್ಟಾಪ್ ಲೀಕ್ ದ್ರವಗಳಲ್ಲಿ ಹೆಚ್ಚಿನವು ರಬ್ಬರನ್ನು ಮೆದು ಮಾಡಿ ಸ್ವಲ್ಪ ಉಬ್ಬಿಸುತ್ತವೆ. ವಯಸ್ಸಾಗಿ ಗಟ್ಟಿಯಾದ ಸೀಲಿನ ಸಣ್ಣ ಜಿನುಗಿಗೆ ಕೆಲವು ಕಾಲ ಕೆಲಸ ಮಾಡಬಹುದು. ಹರಿದ ಪ್ಯಾಕಿಂಗ್, ಸಡಿಲ ಬೋಲ್ಟ್, ಬಿರುಕು ಇವಕ್ಕೆ ಉಪಯೋಗವಿಲ್ಲ. ಕೈಪಿಡಿಗಿಂತ ದಪ್ಪ ಆಯಿಲ್ ಹನಿಯನ್ನು ತುಸು ನಿಧಾನ ಮಾಡೀತು, ಆದರೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಆದಾಗ ಮೇಲಿನ ಭಾಗಗಳಿಗೆ ತಲುಪಲು ತಡಮಾಡುತ್ತದೆ. ಹನಿ ಉಳಿಸಲು ಬೇರಿಂಗ್ ಸವೆಸಿದಂತೆ.

ಪ್ರಶ್ನೆ: ನೆಲದಲ್ಲಿ ಹನಿಯೇ ಇಲ್ಲ, ಆದರೂ ಆಯಿಲ್ ಕಡಿಮೆಯಾಗುತ್ತಿದೆ.

ಮೂರು ದಾರಿಗಳಿವೆ. ಓಡುವಾಗ, ಒತ್ತಡವಿದ್ದಾಗ ಮಾತ್ರ ಸೋರುವುದು ಒಂದು. ಆಗ ಕಾರಿನ ಹಿಂಬದಿಯ ಗಾಜು, ಡಿಕ್ಕಿ ಬಾಗಿಲ ಮೇಲೆ ಜಿಡ್ಡಿನ ತೆಳು ಪದರ, ಅಡಿಯಲ್ಲಿ ಹಿಂದಕ್ಕೆ ಎಳೆದ ಗೆರೆಗಳು ಕಾಣುತ್ತವೆ. ಎರಡನೆಯದು ಉರಿಯುವುದು, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ರಾತ್ರಿ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆದಾಗ ಒಮ್ಮೆ ಬುಸ್ಸೆಂದರೆ ವಾಲ್ವ್ ಸೀಲು, ಏರುಹಾದಿಯಲ್ಲಿ ಎಳೆಯುವಾಗ ಹೊಗೆಯಾದರೆ ರಿಂಗುಗಳ ಕಡೆಗೆ ಅನುಮಾನ. ಮೂರನೆಯದು ಕೂಲಂಟ್‌ಗೆ ಸೇರುವುದು. ರೇಡಿಯೇಟರ್ ಡಬ್ಬಿಯಲ್ಲಿ ಕೆನೆಯಂಥ ಕಂದು ಪದರ ನೋಡಿ, ಆಯಿಲ್ ಕೂಲರ್ ಅಥವಾ ಹೆಡ್ ಗ್ಯಾಸ್ಕೆಟ್ ಕಾರಣ. ಮುಚ್ಚಳ ತೆಗೆಯುವುದು ಎಂಜಿನ್ ತಣ್ಣಗಾದ ಮೇಲೆಯೇ.

ಪ್ರಶ್ನೆ: ಚಕ್ರದ ಹತ್ತಿರ ಜಿಡ್ಡು ಕಂಡರೆ?

ಮುಂದಿನ ಚಕ್ರದ ಒಳಬದಿಯಲ್ಲಿ, ಗೇರ್‌ಬಾಕ್ಸಿಗೆ ಆಕ್ಸಲ್ ಸೇರುವಲ್ಲಿ ಒದ್ದೆಯಿದ್ದರೆ ಆಕ್ಸಲ್ ಸೀಲು. ದಪ್ಪ ಗ್ರೀಸ್ ಚಕ್ರದ ಒಳಗೆ ಸುತ್ತ ಎರಚಿದ್ದರೆ ಆಕ್ಸಲಿನ ರಬ್ಬರ್ ಬೂಟು ಹರಿದಿದೆ. ಸಸ್ಪೆನ್ಷನ್ನಿನ ಉದ್ದ ಕೊಳವೆಯ ಮೈ ಮೇಲಿಂದ ಕೆಳಕ್ಕೆ ಒದ್ದೆಯಿದ್ದರೆ ಶಾಕ್ ಅಬ್ಸಾರ್ಬರ್. ಟಯರಿನ ಒಳಗೋಡೆಯಲ್ಲಿ ಜಾರುವ ತೆಳು ದ್ರವವಿದ್ದರೆ ಬ್ರೇಕ್ ಎಣ್ಣೆಯ ಡಬ್ಬಿಯ ಮಟ್ಟ ಮೊದಲು ನೋಡಿ, ಆಮೇಲೆ ಬೇರೆ ಮಾತು.

ಪ್ರಶ್ನೆ: ಗ್ಯಾರೇಜಿನವರಿಗೆ ಏನು ಹೇಳಬೇಕು?

‘ಸೋರುತ್ತಿದೆ, ನೋಡಿ’ ಎಂದಷ್ಟೇ ಹೇಳಬೇಡಿ. ರಟ್ಟಿನ ಫೋಟೊ, 500 ಕಿ.ಮೀ.ಗೆ ಎಷ್ಟು ಕಡಿಮೆಯಾಯಿತು, ನಿಂತಾಗ ಬೀಳುತ್ತದೋ ಓಡಿದಾಗಲೋ, ಕಳೆದ ಆರು ತಿಂಗಳಲ್ಲಿ ಏನೇನು ಬಿಚ್ಚಿದ್ದರು, ಇಷ್ಟು ತಿಳಿಸಿ. ಪಾರ್ಟು ಬದಲಿಸುವ ಮುಂಚೆ ತೊಳೆದು ಮೂಲ ತೋರಿಸಲು ಕೇಳಿ. ಫೋಟೊದಲ್ಲಿ ಒದ್ದೆಯ ಮೇಲ್ತುದಿ ಕಾಣಬೇಕು, ತೊಟ್ಟಿಕ್ಕುವ ತುದಿಯಲ್ಲ.

ಪ್ರಶ್ನೆ: ರಿಪೇರಿ ಆದ ಮೇಲೆ ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಎಂಜಿನ್ ಓಡಿಸಿ ಐದು ನಿಮಿಷದಲ್ಲಿ ಆ ಜಾಗ ನೋಡಿ. 20 ಕಿ.ಮೀ. ಆದ ಮೇಲೆ ಬಿಸಿಯಿದ್ದಾಗ ಇನ್ನೊಮ್ಮೆ, ಒಂದು ರಾತ್ರಿ ಕಳೆದು ತಣ್ಣಗಾದಾಗ ಮತ್ತೊಮ್ಮೆ ನೋಡಿ. ಕೆಲವು ಸೀಲುಗಳು ಬಿಸಿಯಲ್ಲಿ ಹಿಡಿದು ತಣ್ಣಗಾದಾಗ ಬಿಡುತ್ತವೆ. ಪ್ಲಾಸ್ಟಿಕ್ ತಟ್ಟೆಯನ್ನು ಒಳಗಿನಿಂದ ಒರೆಸಿಯೇ ಮತ್ತೆ ಹಾಕಿ, ಇಲ್ಲದಿದ್ದರೆ ಹಳೆಯ ಆಯಿಲ್ ಇನ್ನೊಂದು ವಾರ ತೊಟ್ಟಿಕ್ಕಿ ಸರಿಯಾದ ರಿಪೇರಿಯನ್ನೂ ಸಂಶಯಿಸುವಂತೆ ಮಾಡುತ್ತದೆ. ನೆಲದ ಕಲೆಗೆ ಮರದ ಹೊಟ್ಟು ಅಥವಾ ಒಣ ಮರಳು ಹಾಕಿ ಒಂದು ರಾತ್ರಿ ಬಿಟ್ಟು ಗುಡಿಸಿ. ಚರಂಡಿಗೆ ತೊಳೆದು ಬಿಡಬೇಡಿ. ಆಯಿಲ್ ಹೀರಿದ ಚಿಂದಿ, ಹೊಟ್ಟನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಟ್ಟು, ಹಳೆಯ ಆಯಿಲ್ ತೆಗೆದುಕೊಳ್ಳುವ ಕಡೆಗೇ ಕೊಡಿ.